ಗಿಡಗಳಿಗೂ ರಹದಾರಿ

ನಮ್ಮ ಹಿಂದಿನವರು ನಾಡಿಗೆ ಒದಗುವ ಕೇಡುಗಳನ್ನು ಆರೆಂದು ಎಣಿಸಿ ಅವುಗಳನ್ನು ‘ಈತಿ’ ಎಂದು ಕರೆದರು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ಕಡೆಯದಾಗಿ ನೆರೆಯ ಅರಸರು. ‘ಈತಿಬಾಧೆ’ ಎಂಬ ಮಾತು ಇಂದಿಗೂ ನಮ್ಮ ಬಳಕೆಯಲ್ಲಿದೆ. ಇಲಿ ಮಿಡತೆಗಳ ಪಂಕ್ತಿಯಲ್ಲಿಯೇ ಅರಸರಿಗೂ ಎಲೆ ಹಾಕಿಸಿದ ಆ ಹಳೆಯ ಪಂಡಿತನ ಧೈರ್ಯವನ್ನು ಮೆಚ್ಚಬೇಕು. ಈಗ ಕಾಲ ತಿರುಗಿದೆ. ಹುಳುವನ್ನು ತಡೆಯುವ ಅಧಿಕಾರವನ್ನು ನಾವು ಅರಸನ ಸ್ಥಾನದಲ್ಲಿರುವ ಸರ್ಕಾರಕ್ಕೇ ಒಪ್ಪಿಸಿದ್ದೇವೆ. ಆ ಅಧಿಕಾರ ಸಾಮಾನ್ಯವಾದುದಲ್ಲ. ನೀವು ನೀರೆರೆದು ಬೆಳೆಸಿದ ಗಿಡವನ್ನು, ಅದರಲ್ಲಿ ಇನ್ನೂ ರೋಗದ ಗುರುತು ಕಾಣದಿದ್ದರೂ, ನಿಮ್ಮ ಹಿತ್ತಲಿಗೇ ಬಂದು ಕಡಿಸಬಲ್ಲ ಅಧಿಕಾರವದು. ಅದು ಎಲ್ಲಿ ಹುಟ್ಟಿತು, ಹೇಗೆ ಬೆಳೆಯಿತು ಎಂಬುದನ್ನು ನಿಮ್ಮ ಮುಂದಿಡಬೇಕೆಂದು ನನ್ನ ಇಚ್ಛೆ.

‘ಕ್ವಾರಂಟೈನ್’ ಎಂಬ ಮಾತಿನ ಮೂಲ ಇಟಲಿಯ ವೆನಿಸ್ ನಗರದ್ದು. ‘ಕ್ವಾರಂಟ’ ಎಂದರೆ ನಲವತ್ತು. ಪ್ಲೇಗು ಹಬ್ಬಿದ ಬಂದರುಗಳಿಂದ ಬಂದ ಹಡಗಿನವರು ನಲವತ್ತು ದಿನ ದಡಕ್ಕೆ ಇಳಿಯದೆ ಕಾಯಬೇಕಾಗಿತ್ತು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ನಮ್ಮ ಹಿರಿಯರಿಗೆ ಈ ಕಟ್ಟುಪಾಡಿನ ಅನುಭವವಾಯಿತು. ೨೦೨೦ರಲ್ಲಿ ಆ ಪದ ಮತ್ತೊಮ್ಮೆ ಮನೆಮನೆಯ ಮಾತಾಯಿತು. ಕನ್ನಡದಲ್ಲಿ ಇದಕ್ಕೆ ‘ದಿಗ್ಬಂಧನ’ ಎನ್ನುವುದುಂಟು. ನನಗೆ ಆ ಪದ ಅಷ್ಟಾಗಿ ರುಚಿಸದು. ಮಂತ್ರವಾದಿಗಳ ದಿಗ್ಬಂಧನದಲ್ಲಿ ಒಳಗಿನವನಿಗೆ ರಕ್ಷೆ. ಇಲ್ಲಿ ಒಳಗಿರುವವನಿಂದ ಹೊರಗಿನವರಿಗೆ ರಕ್ಷೆ. ಅದಿರಲಿ. ಮನುಷ್ಯರಿಗಿದ್ದ ಈ ತಡೆ ಗಿಡಮರಗಳಿಗೂ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ.

ಅದಕ್ಕೆ ಕಾರಣ ಉಗಿಹಡಗು ಎಂದರೆ ತಪ್ಪಾಗದು. ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಸಾಗರದ ಮೇಲೆ ತೇಲುವಾಗ ಗಿಡವೂ ಸಾಯುತ್ತಿತ್ತು, ಗಿಡದ ಮೇಲಿನ ಹುಳುವೂ ಸಾಯುತ್ತಿತ್ತು. ಪ್ರಯಾಣ ಚುರುಕಾದ ಮೇಲೆ ಎರಡೂ ಬದುಕಿ ದಡ ಸೇರತೊಡಗಿದುವು. ತನ್ನ ತವರಿನಲ್ಲಿ ಹುಳುವಿಗೆ ಶತ್ರುಗಳುಂಟು. ಅದನ್ನು ತಿನ್ನುವ ಹಕ್ಕಿಯುಂಟು, ಅದರ ಮೈಯಲ್ಲಿ ಮೊಟ್ಟೆಯಿಡುವ ಕಣಜವುಂಟು. ಪರದೇಶದಲ್ಲಿ ಅದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ. ಅಮೆರಿಕದಿಂದ ೧೮೬೦ರ ದಶಕದಲ್ಲಿ ಫ್ರಾನ್ಸಿಗೆ ಬಂದ ಫೈಲಾಕ್ಸೆರ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹೇನು ದ್ರಾಕ್ಷಿಯ ಬೇರು ಹೀರಿ ಆ ದೇಶದ ತೋಟಗಳನ್ನೇ ಮಲಗಿಸಿತು. ಜರ್ಮನಿ ೧೮೭೩ರಲ್ಲಿ ಹೊರಗಿನ ದ್ರಾಕ್ಷಿಬಳ್ಳಿ ತನ್ನ ನೆಲಕ್ಕೆ ಬರಕೂಡದೆಂದು ಆಜ್ಞೆ ಮಾಡಿತು. ಆಲೂಗೆಡ್ಡೆಯನ್ನು ತಿನ್ನುವ ಕೊಲೊರಾಡೊ ದುಂಬಿಗೆ ಹೆದರಿ ಇಂಗ್ಲೆಂಡು ೧೮೭೭ರಲ್ಲಿ ಕಾಯಿದೆ ಮಾಡಿತು. ಮರುವರ್ಷ ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ಹಲವು ರಾಜ್ಯಗಳು ಕೂಡಿ ಫೈಲಾಕ್ಸೆರದ ವಿಷಯದಲ್ಲಿ ಒಂದು ಒಡಂಬಡಿಕೆಗೆ ಸಹಿ ಹಾಕಿದುವು. ಯುದ್ಧಕ್ಕಾಗಿ ಅರಸರು ಕೂಡಿ ಒಪ್ಪಂದ ಮಾಡಿಕೊಳ್ಳುವುದು ಹಳೆಯ ರೂಢಿ. ಹೇನಿಗಾಗಿ ಕೂಡಿದ್ದು ಹೊಸತು.

ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದ ಘಟನೆ ನಡೆದದ್ದು ಅಮೆರಿಕದ ರಾಜಧಾನಿಯಲ್ಲಿ. ವಾಷಿಂಗ್‌ಟನ್ನಿನ ಚೆರ್ರಿ ಹೂವಿನ ಸಾಲುಮರಗಳ ಚಿತ್ರವನ್ನು ನೀವು ಪತ್ರಿಕೆಗಳಲ್ಲಿ ಕಂಡಿರಬಹುದು. ಎಲಿಜಾ ಸಿಡ್‌ಮೋರ್ ಎಂಬ ಲೇಖಕಿ ಜಪಾನಿನಲ್ಲಿ ಆ ಹೂವುಗಳನ್ನು ನೋಡಿ ಮನಸೋತು, ಅವು ತನ್ನ ರಾಜಧಾನಿಯಲ್ಲಿಯೂ ಅರಳಬೇಕೆಂದು ೧೮೮೫ರಿಂದ ಅಧಿಕಾರಿಗಳ ಬೆನ್ನು ಹತ್ತಿದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಯಾರೂ ಕಿವಿಗೊಡಲಿಲ್ಲ. ೧೯೦೯ರಲ್ಲಿ ಅಧ್ಯಕ್ಷ ಟಾಫ್ಟರ ಪತ್ನಿ ಹೆಲೆನ್ ಟಾಫ್ಟ್ ಅವರಿಗೆ ಆಕೆ ಪತ್ರ ಬರೆದಾಗ ಕೆಲಸ ಕೈಗೂಡಿತು. ನ್ಯೂಯಾರ್ಕಿನಲ್ಲಿದ್ದ ಜಪಾನಿ ರಸಾಯನ ವಿಜ್ಞಾನಿ ಜೋಕಿಚಿ ತಕಮಿನೆ ನೆರವಿಗೆ ಬಂದರು. ಟೋಕಿಯೋ ನಗರದ ಹೆಸರಿನಲ್ಲಿ ೨೦೦೦ ಗಿಡಗಳನ್ನು ಕಾಣಿಕೆಯಾಗಿ ಕಳುಹಿಸುವುದೆಂದು ಗೊತ್ತಾಯಿತು. ಟೋಕಿಯೋ ಮೇಯರ್ ಯುಕಿಯೊ ಒಜಾಕಿ ಗಿಡಗಳನ್ನು ಹಡಗಿಗೆ ಏರಿಸಿದರು.

೧೯೧೦ರ ಜನವರಿ ೬ರಂದು ಗಿಡಗಳು ವಾಷಿಂಗ್‌ಟನ್ನಿಗೆ ಬಂದುವು. ಕೃಷಿ ಇಲಾಖೆಯವರು ಮೊದಲು ಒಂದೊಂದನ್ನೂ ಬಿಚ್ಚಿ ನೋಡಿದರು. ಬೇರಿನಲ್ಲಿ ಗಂಟು, ಗಂಟಿನಲ್ಲಿ ಜಂತುಹುಳು, ತೊಗಟೆಗೆ ಅಂಟಿದ ಶಲ್ಕ ಕೀಟ, ಕಾಂಡ ಕೊರೆಯುವ ಹುಳು. ಇವನ್ನು ನೆಲಕ್ಕೆ ಇಳಿಸಿದರೆ ದೇಶದ ಹಣ್ಣಿನ ತೋಟಗಳಿಗೇ ಅಪಾಯವೆಂದು ವರದಿಯಾಯಿತು.

ವಾಚಕರು ಆ ಕ್ಷಣದ ಇಕ್ಕಟ್ಟನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಐದು ವರ್ಷದ ಹಿಂದೆಯಷ್ಟೇ ರಷ್ಯವನ್ನು ಸೋಲಿಸಿ ತಲೆಯೆತ್ತಿದ ರಾಷ್ಟ್ರ ಪ್ರೀತಿಯಿಂದ ಕಳುಹಿಸಿದ ಉಡುಗೊರೆ. ಅಧ್ಯಕ್ಷರ ಮಡದಿಯೇ ಎದುರುನೋಡುತ್ತಿದ್ದ ಉಡುಗೊರೆ. ಮದುವೆಮನೆಗೆ ಬೀಗರು ತಂದ ಫಲತಾಂಬೂಲವನ್ನು ಅವರ ಕಣ್ಣೆದುರಿಗೇ ಒಲೆಗೆ ಹಾಕಿದಂತೆ. ಅಂಥ ಗಿಡಗಳನ್ನು ತಡೆಯಲು ಕೇಂದ್ರ ಸರ್ಕಾರಕ್ಕೆ ಆಗ ಸಮಗ್ರವಾದ ಒಂದು ಕಾಯಿದೆಯೂ ಇರಲಿಲ್ಲ. ಅಧ್ಯಕ್ಷ ಟಾಫ್ಟ್ ಜನವರಿ ೨೮ರಂದು ಒಪ್ಪಿಗೆ ಕೊಟ್ಟರು. ಗಿಡಗಳನ್ನು ರಾಶಿ ಹಾಕಿ ಸುಟ್ಟರು.

ಜಪಾನು ಮುನಿಯಲಿಲ್ಲ. ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದೇ. ಅವರು ತಮ್ಮ ವಿಜ್ಞಾನಿಗಳನ್ನು ಕೂರಿಸಿ ಕೆಲಸವನ್ನು ಮೊದಲಿನಿಂದ ಆರಂಭಿಸಿದರು. ಟೋಕಿಯೋ ಬಳಿಯ ಅರಕಾವ ನದಿಯ ದಂಡೆಯ ಹೆಸರಾಂತ ಮರಗಳಿಂದ ಕುಡಿಗಳನ್ನು ಆಯ್ದು, ಶುದ್ಧವಾದ ಬೇರುಗಿಡಗಳಿಗೆ ಕಸಿ ಕಟ್ಟಿ, ಹುಳು ತಾಗದಂತೆ ಕಾದು ಬೆಳೆಸಿದರು. ಎರಡು ವರ್ಷದ ಮೇಲೆ, ೧೯೧೨ರ ಫೆಬ್ರುವರಿಯಲ್ಲಿ, ‘ಅವ ಮಾರು’ ಎಂಬ ಹಡಗು ಹನ್ನೆರಡು ತಳಿಗಳ ೩,೦೨೦ ಗಿಡಗಳನ್ನು ಹೊತ್ತು ಯೋಕೊಹಾಮದಿಂದ ಹೊರಟಿತು. ಈ ಸಲ ಪರೀಕ್ಷಕರ ಕಣ್ಣಿಗೆ ದೋಷ ಕಾಣಲಿಲ್ಲ. ಮಾರ್ಚ್ ೨೭ರಂದು ಹೆಲೆನ್ ಟಾಫ್ಟ್ ಮತ್ತು ಜಪಾನಿ ರಾಯಭಾರಿಯ ಪತ್ನಿ ಚಿಂದ ಮೊದಲ ಎರಡು ಗಿಡಗಳನ್ನು ನೆಟ್ಟರು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಕಾವದ ಮೂಲವೃಕ್ಷಗಳು ಆರೈಕೆಯಿಲ್ಲದೆ ಸೊರಗಿದಾಗ, ೧೯೫೨ರಲ್ಲಿ ವಾಷಿಂಗ್‌ಟನ್ನಿನ ಮರಗಳಿಂದಲೇ ಕುಡಿ ತೆಗೆದು ಟೋಕಿಯೋಗೆ ಕಳುಹಿಸಿದರು. ಮಗಳ ಮನೆಯಿಂದ ತವರಿಗೆ ಬಂದ ಬೀಜದಂತೆ.

ಆ ಬೆಂಕಿಯ ಹಿಂದೆ ಇದ್ದವನು ಚಾರ್ಲ್ಸ್ ಮಾರ್ಲಟ್ ಎಂಬ ಕೀಟಶಾಸ್ತ್ರಜ್ಞ. ಅಮೆರಿಕದ ಹಣ್ಣಿನ ಮರಗಳನ್ನು ಕಾಡುತ್ತಿದ್ದ ‘ಸಾನ್ ಹೊಸೆ ಶಲ್ಕ ಕೀಟ’ದ ತವರನ್ನು ಹುಡುಕಿಕೊಂಡು ೧೯೦೧ರಲ್ಲಿ ಜಪಾನ್ ಚೀನಗಳನ್ನು ಸುತ್ತಿ, ಅದು ಉತ್ತರ ಚೀನದ್ದೆಂದು ಪತ್ತೆಮಾಡಿದವನು ಆತ. ಆ ಕೀಟಕ್ಕೆ ಸಾನ್ ಹೊಸೆ ಎಂಬ ಹೆಸರು ಅದು ಮೊದಲು ಕಣ್ಣಿಗೆ ಬಿದ್ದ ಕ್ಯಾಲಿಫೋರ್ನಿಯದ ಊರಿನದು, ಹುಟ್ಟಿದ ಊರಿನದಲ್ಲ. ಹೆಸರಿಡುವಾಗ ಜನ ಅಪರಾಧಿಯ ಊರನ್ನು ಬಿಟ್ಟು ಅಪರಾಧ ನಡೆದ ಊರನ್ನು ಹಿಡಿಯುತ್ತಾರೆ. ಮಾರ್ಲಟ್ಟನ ಕಾಯಿದೆಗೆ ಸಸಿ ಮಾರುವ ವರ್ತಕರು ಬಲವಾಗಿ ಅಡ್ಡ ನಿಂತರು. ಅವನಿಗೆ ಇನ್ನೊಬ್ಬ ಎದುರಾಳಿ ಇದ್ದ. ಬಾಲ್ಯದ ಗೆಳೆಯ, ಒಂದೇ ಊರಿನವ, ಡೇವಿಡ್ ಫೇರ್‌ಚೈಲ್ಡ್. ದೇಶದೇಶಗಳಿಂದ ಹೊಸ ಗಿಡಗಳನ್ನು ತಂದು ತನ್ನ ನಾಡಿನಲ್ಲಿ ಬೆಳೆಸುವುದೇ ಅವನ ವೃತ್ತಿ. ನಮ್ಮ ದೇಶದ ಮಾವಿನ ತಳಿಗಳನ್ನು ಕೊಂಡೊಯ್ದವರಲ್ಲಿ ಅವನೂ ಒಬ್ಬ. ಬಾಗಿಲು ಮುಚ್ಚಿದರೆ ಹುಳುವಿನ ಜೊತೆಗೆ ಹಣ್ಣೂ ಹೊರಗೇ ಉಳಿಯುತ್ತದೆಂಬುದು ಅವನ ವಾದ. ಬಾಗಿಲು ತೆರೆದರೆ ಹಣ್ಣಿನ ಜೊತೆಗೆ ಹುಳುವೂ ಒಳಗೆ ಬರುತ್ತದೆಂಬುದು ಇವನ ವಾದ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ೧೯೧೨ರ ಆಗಸ್ಟ್ ೨೦ರಂದು ಮಾರ್ಲಟ್ ಬಯಸಿದ ಕಾಯಿದೆ ಜಾರಿಗೆ ಬಂತು. ಅಷ್ಟರಲ್ಲಿ ತಡವಾಗಿತ್ತು. ಪೂರ್ವ ಏಷ್ಯದಿಂದ ಬಂದ ಒಂದು ಶಿಲೀಂಧ್ರ ೧೯೦೪ರಲ್ಲಿಯೇ ನ್ಯೂಯಾರ್ಕಿನ ಮೃಗಾಲಯದ ಚೆಸ್ಟ್‌ನಟ್ ಮರಗಳಲ್ಲಿ ಕಾಣಿಸಿಕೊಂಡಿತ್ತು. ಐವತ್ತು ವರ್ಷ ತುಂಬುವುದರೊಳಗೆ ಪೂರ್ವ ಅಮೆರಿಕದ ಕಾಡುಗಳಲ್ಲಿ ಕೋಟಿಗಟ್ಟಲೆ ಚೆಸ್ಟ್‌ನಟ್ ಮರಗಳು ಒಣಗಿ ನಿಂತವು.

ಬಂದರಿನಲ್ಲಿ ತಡೆಯುವುದು ಒಂದು ಬಗೆ. ಒಳಗೆ ಬಂದದ್ದನ್ನು ಕಿತ್ತೊಗೆಯುವುದು ಇನ್ನೊಂದು ಬಗೆ, ಮತ್ತು ಇಲ್ಲಿಯೇ ಮನುಷ್ಯ ಮನುಷ್ಯರ ವ್ಯಾಜ್ಯ ಹುಟ್ಟುತ್ತದೆ. ವರ್ಜೀನಿಯ ರಾಜ್ಯದಲ್ಲಿ ನಡೆದ ಒಂದು ಮೊಕದ್ದಮೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿ ಸೇಬಿನ ಎಲೆಗೆ ತುಕ್ಕುರೋಗ ಬರುತ್ತಿತ್ತು. ಆ ರೋಗದ ಶಿಲೀಂಧ್ರ ಎರಡು ಮನೆಯ ನೆಂಟ. ಅದರ ಬಾಳಿನ ಅರ್ಧ ಕೆಂಪು ಸೀಡರ್ ಮರದ ಮೇಲೆ, ಇನ್ನರ್ಧ ಸೇಬಿನ ಮರದ ಮೇಲೆ. ಸೀಡರಿನ ರೆಂಬೆಯಲ್ಲಿ ಗಂಟಾಗಿ ಕೂತು, ವಸಂತದ ಮಳೆ ಬಿದ್ದಾಗ ಕಿತ್ತಳೆ ಬಣ್ಣದ ಲೋಳೆಯ ಕೊಂಬುಗಳನ್ನು ಹೊರಚಾಚುತ್ತದೆ. ಅಲ್ಲಿಂದ ಬೀಜಾಣುಗಳು ಗಾಳಿಯಲ್ಲಿ ತೇಲಿ ಸೇಬಿನ ತೋಟ ಸೇರುತ್ತವೆ. ಸೀಡರಿಗೆ ಇದರಿಂದ ಹೇಳಿಕೊಳ್ಳುವಂಥ ನೋವಿಲ್ಲ. ಸೇಬಿನ ಎಲೆಯೂ ಕಾಯೂ ಹಾಳಾಗುತ್ತವೆ. ಎರಡು ಮರಗಳನ್ನು ದೂರವಿಟ್ಟರೆ ರೋಗದ ಸರಪಳಿ ಕಡಿಯುತ್ತದೆ.

ಆದುದರಿಂದ ೧೯೧೪ರಲ್ಲಿ ವರ್ಜೀನಿಯ ಒಂದು ಕಾಯಿದೆ ಮಾಡಿತು. ಒಂದು ಕೌಂಟಿಯ ಹತ್ತು ಮಂದಿ ಭೂಮಾಲೀಕರು ಬರೆದುಕೊಟ್ಟರೆ ರಾಜ್ಯದ ಕೀಟಶಾಸ್ತ್ರಜ್ಞ ಬಂದು ನೋಡಬೇಕು. ಸೇಬಿನ ತೋಟದ ಎರಡು ಮೈಲಿ ಸುತ್ತಳತೆಯಲ್ಲಿ ರೋಗ ಹರಡುವ ಸೀಡರ್ ಇದ್ದರೆ ಅದನ್ನು ಕಡಿಸಬೇಕು. ಮಿಲ್ಲರ್ ಮನೆತನದವರ ಜಮೀನಿನಲ್ಲಿ ಅಂದಕ್ಕಾಗಿ ಬೆಳೆಸಿದ ಸೀಡರ್ ಮರಗಳು ಬಹಳವಿದ್ದವು. ಕಡಿಯಬೇಕೆಂದು ಆಜ್ಞೆಯಾಯಿತು. ಕಡಿದು ಸಾಗಿಸುವ ಖರ್ಚಿಗೆಂದು ನ್ಯಾಯಾಲಯ ಅವರಿಗೆ ಕೊಡಿಸಿದ್ದು ೧೦೦ ಡಾಲರು; ಕಡಿದ ಮರ ಅವರದೇ. ನಿಂತ ಮರದ ಬೆಲೆಯಾಗಲಿ, ಮರ ಹೋದದ್ದರಿಂದ ಜಮೀನಿನ ಬೆಲೆಯಲ್ಲಿ ಆದ ಕೊರತೆಯಾಗಲಿ ದೊರೆಯಲಿಲ್ಲ. ‘ನನ್ನ ಮರ ಯಾರ ಮೇಲೂ ಬೀಳಲಿಲ್ಲ, ಯಾರದನ್ನೂ ಕದಿಯಲಿಲ್ಲ, ಪಕ್ಕದವನ ಸೇಬಿಗಾಗಿ ನಾನೇಕೆ ಕಳೆದುಕೊಳ್ಳಬೇಕು?’ ಎಂಬುದು ಅವರ ತಕರಾರಿನ ಸಾರ. ನೀವೂ ನಾನೂ ಅವರ ಜಾಗದಲ್ಲಿದ್ದರೆ ಹೀಗೆಯೇ ಕೇಳುತ್ತಿದ್ದೆವು.

ಮೊಕದ್ದಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೨೮ರಲ್ಲಿ ನ್ಯಾಯಮೂರ್ತಿ ಸ್ಟೋನ್ ತೀರ್ಪು ಬರೆದರು, ನ್ಯಾಯಮೂರ್ತಿಗಳೆಲ್ಲರೂ ಒಮ್ಮತದಲ್ಲಿದ್ದರು. ಅವರ ತರ್ಕ ಹೀಗಿತ್ತು: ಎರಡು ಬಗೆಯ ಆಸ್ತಿಗಳು ಅಪಾಯಕರವಾಗಿ ನೆರೆಹೊರೆಯಾಗಿರುವಾಗ ಒಂದನ್ನು ಉಳಿಸಬೇಕಾದರೆ ಇನ್ನೊಂದು ಹೋಗಲೇಬೇಕು. ಸರ್ಕಾರ ಕೈಕಟ್ಟಿ ಕುಳಿತಿದ್ದರೆ ಅದೂ ಒಂದು ಆಯ್ಕೆಯೇ. ಸೇಬು ಸಾಯಲೆಂದು ಆಯ್ದಂತೆ. ಸೇಬಿನಲ್ಲಿ ರಾಜ್ಯದ ಜನ ಲಕ್ಷಾಂತರ ಡಾಲರು ಹೂಡಿದ್ದಾರೆ, ಸೀಡರಿಗೆ ಅಷ್ಟು ಬೆಲೆಯಿಲ್ಲ. ಆದುದರಿಂದ ಕಾಯಿದೆ ಊರ್ಜಿತ.

ತರ್ಕ ಗಟ್ಟಿಯಾದದ್ದು; ನಾನು ಅದನ್ನು ಅಲ್ಲಗಳೆಯಲಾರೆ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ಮರ ಕಡಿಯುವ ಅಧಿಕಾರ ಸರ್ಕಾರಕ್ಕಿರಲಿ. ಉಳಿದ ಸೇಬಿನಿಂದ ಲಾಭ ಪಡೆದವರು ಹೋದ ಸೀಡರಿಗೆ ಒಂದು ಪಾಲು ತೆತ್ತಿದ್ದರೆ ಯಾರಿಗೇನು ನಷ್ಟವಾಗುತ್ತಿತ್ತು? ಅಧಿಕಾರ ಉಂಟೋ ಇಲ್ಲವೋ ಎಂಬ ಪ್ರಶ್ನೆ ಬೇರೆ, ಹೊರೆ ಯಾರ ತಲೆಯ ಮೇಲೆ ಎಂಬ ಪ್ರಶ್ನೆ ಬೇರೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ ಕಡೆಯಲ್ಲೆಲ್ಲ ಜನ ಇನ್‌ಸ್ಪೆಕ್ಟರನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ, ರೋಗದ ಗಿಡವನ್ನು ಬಚ್ಚಿಡುತ್ತಾರೆ. ಫ್ಲಾರಿಡದಲ್ಲಿ ನಿಂಬೆ ಕಿತ್ತಳೆಗಳ ಕಜ್ಜಿರೋಗವನ್ನು ತೊಲಗಿಸಲು ೧೯೯೫ರಿಂದ ಹೀಗೆಯೇ ಪ್ರಯತ್ನ ನಡೆಯಿತು. ರೋಗದ ಮರದ ಸುತ್ತ ೧,೯೦೦ ಅಡಿಯೊಳಗಿನ ಮರಗಳನ್ನೆಲ್ಲ, ಮನೆಯ ಹಿತ್ತಲಿನವೂ ಸೇರಿದಂತೆ, ಕಡಿಯಬೇಕೆಂದಾಯಿತು. ಜನ ನ್ಯಾಯಾಲಯಕ್ಕೆ ಹೋದರು, ಕೆಲಸ ನಿಂತು ನಿಂತು ಸಾಗಿತು. ಅಷ್ಟರಲ್ಲಿ ೨೦೦೪, ೨೦೦೫ರ ಚಂಡಮಾರುತಗಳು ರೋಗವನ್ನು ಎಲ್ಲೆಲ್ಲಿಗೂ ತೂರಿದುವು. ೨೦೦೬ರ ಜನವರಿಯಲ್ಲಿ ಸರ್ಕಾರ ಸೋಲೊಪ್ಪಿ ಕೈಬಿಟ್ಟಿತು. ಅಷ್ಟರೊಳಗೆ ಕೋಟಿಗೂ ಮೀರಿ ಮರಗಳು ಉರುಳಿದ್ದುವು.

ಇನ್ನು ನಮ್ಮ ನೆಲಕ್ಕೆ ಬರೋಣ. ಇಲ್ಲಿ ಮೊದಲ ಎಚ್ಚರ ಹತ್ತಿಯ ವಿಷಯದಲ್ಲಿ. ಮೆಕ್ಸಿಕೊದಿಂದ ೧೮೯೦ರ ದಶಕದಲ್ಲಿ ಟೆಕ್ಸಾಸಿಗೆ ದಾಟಿದ ಹತ್ತಿಕಾಯಿಯ ಮೂತಿದುಂಬಿ ಅಮೆರಿಕದ ಹತ್ತಿಯನ್ನು ತಿನ್ನುತ್ತ ಬರುತ್ತಿತ್ತು. ಅದು ಅರಳೆಯ ಬೇಲುಗಳಲ್ಲಿ ಅಡಗಿ ಇಲ್ಲಿಗೂ ಬಂದೀತೆಂದು ಭಾರತ ಸರ್ಕಾರ ೧೯೦೬ರಲ್ಲಿ ಆಮದಾದ ಬೇಲುಗಳಿಗೆ ವಿಷದ ಹೊಗೆ ಕೊಡಬೇಕೆಂದು ಕಡ್ಡಾಯ ಮಾಡಿತು. ಆ ದುಂಬಿ ಇಂದಿನವರೆಗೆ ನಮ್ಮಲ್ಲಿ ನೆಲೆಯೂರಿಲ್ಲ. ಕಾವಲುಗಾರನ ಕೆಲಸದಲ್ಲಿ ಇದೊಂದು ದೋಷ: ಕಳ್ಳ ಬಂದರೆ ಎಲ್ಲರಿಗೂ ತಿಳಿಯುತ್ತದೆ, ಬಾರದಿದ್ದರೆ ಕಾವಲುಗಾರನ ಹೆಸರು ಯಾರೂ ಎತ್ತುವುದಿಲ್ಲ.

೧೯೧೪ರ ಫೆಬ್ರುವರಿ ೩ರಂದು, ಲಾರ್ಡ್ ಹಾರ್ಡಿಂಜ್ ವೈಸರಾಯ್ ಆಗಿದ್ದಾಗ, ಹಾನಿಕಾರಕ ಕೀಟ ಮತ್ತು ಪೀಡೆಗಳ ಕಾಯಿದೆ ಬಂತು. ಕೆಲವೇ ಕಲಮುಗಳ ಪುಟ್ಟ ಕಾಯಿದೆ. ಬೆಳೆಗೆ ಸೋಂಕು ತರಬಹುದಾದ ಯಾವ ವಸ್ತುವನ್ನಾದರೂ ಗೆಜೆಟ್ಟಿನಲ್ಲಿ ಪ್ರಕಟಿಸಿ ತಡೆಯುವ ಅಧಿಕಾರ ಸರ್ಕಾರಕ್ಕೆ. ಅದನ್ನು ನಡೆಸುವ ಭಾರ ಸುಂಕದ ಅಧಿಕಾರಿಗಳಿಗೆ. ‘ಬೆಳೆ’ ಎಂಬ ಮಾತಿಗೆ ಅದರಲ್ಲಿ ಎಲ್ಲ ಮರ, ಪೊದೆ, ಗಿಡಗಳೂ ಸೇರುತ್ತವೆ. ಸದ್ಭಾವನೆಯಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲವೆಂದೂ ಅದರಲ್ಲಿದೆ. ನಮ್ಮ ದೇಶ ಸ್ವತಂತ್ರವಾದ ಮೇಲೂ ಈ ಕಾಯಿದೆ ಉಳಿಯಿತು; ೨೦೦೩ರ ಸಸ್ಯ ಕ್ವಾರಂಟೈನ್ ಆದೇಶವನ್ನು ಹೊರಡಿಸಿದ್ದು ಅದರ ಮೂರನೆಯ ಕಲಮಿನ ಬಲದಿಂದಲೇ. ದೇಶದೊಳಗೆ ಹೊಲತೋಟಗಳ ಮೇಲಿನ ಅಧಿಕಾರವನ್ನು ಪ್ರಾಂತಗಳು ಬೇರೆ ಕಾಯಿದೆಗಳಿಂದ ಪಡೆದುವು. ಮದ್ರಾಸು ೧೯೧೯ರಲ್ಲಿ ಮಾಡಿದ ಕಾಯಿದೆ ಇವುಗಳಲ್ಲಿ ಹೆಸರಾದದ್ದು. ಆಗ ಆ ಪ್ರಾಂತಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳೂ ಅದರ ವ್ಯಾಪ್ತಿಯಲ್ಲಿದ್ದುವು. ರೈತನಿಗೆ ನೋಟೀಸು, ಅವನು ಮಾಡದಿದ್ದರೆ ಅಧಿಕಾರಿಯೇ ನಿಂತು ಮಾಡಿಸುವುದು, ಖರ್ಚನ್ನು ಕಂದಾಯದ ಬಾಕಿಯಂತೆ ವಸೂಲು ಮಾಡುವುದು. ಇದು ಅದರ ಕ್ರಮ. ನಮ್ಮ ರಾಜ್ಯಕ್ಕೆಲ್ಲ ಒಂದೇ ಕಾಯಿದೆ ಬಂದದ್ದು ೧೯೬೮ರಲ್ಲಿ.

ಬಾಗಿಲು ಹಾಕಿದ್ದರೂ ನುಸುಳಿದವು ಹಲವು. ೧೯೨೮ರಲ್ಲಿ ನೀಲಗಿರಿಯ ವಾಟಲ್ ಮರಗಳಲ್ಲಿ ಬಿಳಿಯ ಹತ್ತಿಯಂತೆ ಮೆತ್ತಿಕೊಳ್ಳುವ ಆಸ್ಟ್ರೇಲಿಯದ ಶಲ್ಕ ಕೀಟ ಕಂಡಿತು. ಅದೇ ಕೀಟ ಹಿಂದೆ ಕ್ಯಾಲಿಫೋರ್ನಿಯದ ಕಿತ್ತಳೆಯನ್ನು ಮುಗಿಸುವುದರಲ್ಲಿದ್ದಾಗ, ೧೮೮೮ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬಾತ ಆಸ್ಟ್ರೇಲಿಯಕ್ಕೆ ಹೋಗಿ ಅದನ್ನು ತಿನ್ನುವ ಪುಟ್ಟ ಕೆಂಪು ಗುಲಗಂಜಿ ಹುಳುವನ್ನು ಹಿಡಿದು ಕಳುಹಿಸಿದ್ದ. ನಮ್ಮವರೂ ಆ ಹುಳುವನ್ನು ತರಿಸಿ ನೀಲಗಿರಿಯಲ್ಲಿ ಬಿಟ್ಟರು. ಒಂದು ಹುಳುವಿಗೆ ನಿಷೇಧ, ಇನ್ನೊಂದಕ್ಕೆ ಸರ್ಕಾರಿ ರಹದಾರಿ! ೧೯೬೧ರಲ್ಲಿ ಅದೇ ಬೆಟ್ಟಗಳ ಆಲೂಗೆಡ್ಡೆಯ ಬೇರಿನಲ್ಲಿ ಚಿನ್ನದ ಬಣ್ಣದ ಕೋಶ ಕಟ್ಟುವ ಜಂತುಹುಳು ಪತ್ತೆಯಾಯಿತು. ೧೯೯೦ರಲ್ಲಿ ಗೂಡಲೂರಿನ ಕಾಫಿಯಲ್ಲಿ ಕಾಯಿಕೊರಕ ಕಾಣಿಸಿಕೊಂಡು ಕೊಡಗಿಗೂ ಬಂತು. ನಮ್ಮ ರಸ್ತೆಬದಿಗಳನ್ನೆಲ್ಲ ತುಂಬಿರುವ ಪಾರ್ಥೇನಿಯಂ, ಎಂದರೆ ‘ಕಾಂಗ್ರೆಸ್ ಗಿಡ’, ಅಮೆರಿಕದ ಗೋಧಿಯ ಜೊತೆಗೆ ಬಂತೆಂದು ಹೇಳುವುದು ರೂಢಿ. ೧೯೫೫ರಲ್ಲಿ ಪುಣೆಯಲ್ಲಿ ಅದರತ್ತ ವಿಜ್ಞಾನಿಗಳ ಗಮನ ಹರಿಯಿತು.

ಇತರರೂ ನಮ್ಮನ್ನು ಹೀಗೆಯೇ ತಡೆಯುತ್ತಾರೆಂಬುದನ್ನು ಮರೆಯಬಾರದು. ನಮ್ಮ ಮಾವಿನಹಣ್ಣಿಗೆ ಅಮೆರಿಕದ ಬಾಗಿಲು ಬಹುಕಾಲ ಮುಚ್ಚಿತ್ತು. ಹಣ್ಣಿನ ನೊಣವೂ ಓಟೆಯೊಳಗಿನ ಮೂತಿಹುಳುವೂ ಜೊತೆಗೆ ಬಂದಾವೆಂಬ ಭಯ. ಹಣ್ಣನ್ನು ವಿಕಿರಣಕ್ಕೆ ಒಡ್ಡಿ ಕಳುಹಿಸುವ ಏರ್ಪಾಡಾದ ಮೇಲೆ ೨೦೦೭ರಲ್ಲಿ ಅದು ತೆರೆಯಿತು. ೨೦೧೪ರ ಮೇ ತಿಂಗಳಲ್ಲಿ ಯೂರೋಪಿನ ಒಕ್ಕೂಟ ನಮ್ಮ ಮಾವನ್ನೂ ನಾಲ್ಕು ಬಗೆಯ ತರಕಾರಿಗಳನ್ನೂ ತಡೆದಾಗ ಇಲ್ಲಿ ಅದನ್ನು ಅವಮಾನವೆಂದು ಬಗೆದವರುಂಟು. ನಮ್ಮ ಕಡೆಯ ತಪಾಸಣೆ ಬಿಗಿಯಾಯಿತು. ಮಾವಿನ ಮೇಲಿನ ತಡೆಯನ್ನು ೨೦೧೫ರ ಆರಂಭದಲ್ಲಿ ತೆಗೆದರು. ಒಜಾಕಿಯವರ ಹಾದಿಯೇ ಇಲ್ಲಿಯೂ ಫಲಿಸಿತು.

ಎಲ್ಲ ಕಾವಲನ್ನೂ ನಗೆಗೀಡುಮಾಡಿದ ಒಂದು ಅತಿಥಿ ತೀರ ಈಚೆಗೆ ನಮ್ಮ ಮನೆಯ ಬಾಗಿಲಿಗೇ ಬಂತು. ಅಮೆರಿಕ ಖಂಡದ ಲದ್ದಿಹುಳು ೨೦೧೬ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡಿತು. ೨೦೧೮ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಸುಳಿಯಲ್ಲಿ ಅದು ಕುಳಿತಿದ್ದುದನ್ನು ಅಲ್ಲಿಯ ಕೃಷಿ ಕಾಲೇಜಿನವರು ಗುರುತಿಸಿದರು. ಇಡೀ ಭಾರತದಲ್ಲಿ ಅದರ ಮೊದಲ ಪತ್ತೆ ಅದೇ. ಆ ಹುಳುವಿನ ಪತಂಗ ಒಂದು ರಾತ್ರಿಗೆ ನೂರು ಕಿಲೋಮೀಟರು ಹಾರಬಲ್ಲದು. ಅದಕ್ಕೆ ನೋಟೀಸು ಜಾರಿ ಮಾಡುವವರು ಯಾರು? ಒಂದೆರಡು ವರ್ಷಗಳಲ್ಲಿ ಮೆಕ್ಕೆಜೋಳ ಬೆಳೆಯುವ ಹೆಚ್ಚಿನ ರಾಜ್ಯಗಳಿಗೆ ಅದು ಹಬ್ಬಿತು. ಶಿವಮೊಗ್ಗ, ದಾವಣಗೆರೆ, ಹಾವೇರಿಯ ಕಡೆಯ ರೈತರು ಇಂದು ಬಿತ್ತನೆಯಾದ ಎರಡು ಮೂರು ವಾರಕ್ಕೆಲ್ಲ ಸುಳಿ ಬಿಡಿಸಿ ಲದ್ದಿ ಇದೆಯೇ ಎಂದು ನೋಡುತ್ತಾರೆ.